ಹೆಸರುಕಾಳಿನ ನುಸಿಗೆ ನೀಲಗಿರಿ ಎಣ್ಣೆ ಸಾಕಾ?

ನರಗುಂದ ರೈತ: ರೇಟ್ ಏರಲಿ ಅಂತ ಎರಡು ಕ್ವಿಂಟಲ್ ಹೆಸರು ಮನೆಯಲ್ಲೇ ಇಟ್ಟಿದ್ದೇನೆ. ಈಗ ಕಾಳಿನ ಮೇಲೆ ಬಿಳಿ ಚುಕ್ಕೆ ಕಾಣ್ತಿವೆ. ಮನೆಯಲ್ಲಿ ಮಕ್ಕಳಿದ್ದಾರೆ, ಹುಳ ಸಾಯಿಸೋ ವಿಷದ ಗುಳಿಗೆ ಇಡೋಕೆ ಭಯ. ನೀಲಗಿರಿ ಎಣ್ಣೆಯನ್ನು ಚೀಲಕ್ಕೆ ಸಿಂಪಡಿಸಿದರೆ ನಡೆಯುತ್ತಾ?

ಹಾವೇರಿ ಅಕ್ಕ: ನಡೆಯುತ್ತೆ ತಮ್ಮಾ. ನಾನು ಹತ್ತಿಯನ್ನು ಎಣ್ಣೆಯಲ್ಲಿ ಅದ್ದಿ, ಬಟ್ಟೆಯಲ್ಲಿ ಕಟ್ಟಿ ಡಬ್ಬಿಯೊಳಗೆ ಇಡ್ತೀನಿ. ನುಸಿ ಹತ್ತಿರ ಸುಳಿಯಲ್ಲ.

ಕೃಷಿ ವಿದ್ಯಾರ್ಥಿ, ಧಾರವಾಡ: ಅಕ್ಕಾ, ಡಬ್ಬಿಗೆ ಸರಿ, ಚೀಲಕ್ಕೆ ಅಲ್ಲ. ನೀಲಗಿರಿಯ ಸಿನಿಯೋಲ್, ಲವಂಗದ ಯೂಜೆನಾಲ್ ಅನ್ನೋ ಅಂಶಗಳು ಆವಿಯಾಗಿಯೇ ಹುಳದ ನರಕ್ಕೆ ಪೆಟ್ಟು ಕೊಡೋದು. ಗೋಣಿಚೀಲದಲ್ಲಿ ಆವಿ ನಿಲ್ಲಲ್ಲ. ಇನ್ನು ಆ ಬಿಳಿ ಚುಕ್ಕೆ ಮೊಟ್ಟೆ. ಮರಿ ಅದರ ಅಡಿಯಿಂದಲೇ ಕಾಳು ಕೊರೆದು ಒಳಗೆ ಸೇರುತ್ತೆ. ಒಳಗೆ ಹೋದ ಮೇಲೆ ವಾಸನೆ ಅಷ್ಟಾಗಿ ತಟ್ಟಲ್ಲ. ಸುಮಾರು ಒಂದು ತಿಂಗಳಿಗೆ ದುಂಡನೆ ತೂತು ಮಾಡಿಕೊಂಡು ಹುಳ ಹೊರಗೆ ಬರುತ್ತೆ.

ಹಾವೇರಿ ಅಕ್ಕ: ಹಾಗಾದರೆ ಲ್ಯಾಬಿನ ಪ್ರಯೋಗದಲ್ಲಿ ಇದೇ ಎಣ್ಣೆಗೆ ಹುಳ ಸಾಯ್ತಾವಲ್ಲ, ಅದು ಹೇಗೆ?

ಕೃಷಿ ವಿದ್ಯಾರ್ಥಿ: ಅಲ್ಲಿ ಬಿಗಿಯಾಗಿ ಮುಚ್ಚಿದ ಸಣ್ಣ ಜಾರ್ ಇರುತ್ತೆ. ಜಾರ್ ತುಂಬ ಕಾಳು ಹಾಕಿ ನೋಡಿ, ಕಾಳೇ ಎಣ್ಣೆ ಹೀರಿಕೊಳ್ಳುತ್ತೆ. ಆಗ ಅದೇ ಹುಳಕ್ಕೆ ಜಾಸ್ತಿ ಎಣ್ಣೆ ಬೇಕು.

ಕಾಳಿನ ಅಂಗಡಿ, ಹುಬ್ಬಳ್ಳಿ: ನಮ್ಮದು ಬೇರೆ ತಕರಾರು. ಅಮರಗೋಳದ ಎಪಿಎಂಸಿ ಮಾರುಕಟ್ಟೆಗೆ ಮಾಲು ತಂದಾಗ ಮುಷ್ಟಿ ತುಂಬ ಹಿಡಿದು ಮೂಸಿಯೇ ನೋಡ್ತೀವಿ. ನೀಲಗಿರಿ ವಾಸನೆ ಹೊಡೆದರೆ ರೇಟ್ ಬಿತ್ತು ಅಂತಲೇ ತಿಳೀರಿ.

ಮುಳಗುಂದ: ಇಷ್ಟೆಲ್ಲ ಯಾಕ್ರೀ, ಹರಳೆಣ್ಣೆ ಇದೆಯಲ್ಲ. ಕಿಲೋ ಕಾಳಿಗೆ ಒಂದು ಚಮಚ, ಅಂದರೆ 5 ಮಿ.ಲೀ., ಕೈಯಿಂದ ಚೆನ್ನಾಗಿ ತಿಕ್ಕಿ. ಮೊಟ್ಟೆ ಉಸಿರುಗಟ್ಟಿ ಸಾಯುತ್ತೆ. ನಮ್ಮ ಮನೆಯಲ್ಲಿ ಬಜೆ ಪುಡಿನೂ ಹಾಕ್ತೇವೆ.

ಕೃಷಿ ವಿದ್ಯಾರ್ಥಿ: ಹರಳೆಣ್ಣೆ ಒಳ್ಳೇದು. ಆದರೆ ಬಜೆ ಬೀಜದ ಕಾಳಿಗೆ ಮಾತ್ರ ಇರಲಿ, ದಯವಿಟ್ಟು. ಅದರಲ್ಲಿರೋ ಬೀಟಾ ಅಸರೋನ್ ಅನ್ನೋ ಅಂಶ ಹುಳಕ್ಕಷ್ಟೇ ಅಲ್ಲ, ನಮಗೂ ಒಳ್ಳೇದಲ್ಲ. ತಿನ್ನೋ ಕಾಳಿಗೆ ಬೇಡ.

ನರಗುಂದ ರೈತ: ಈಗಾಗಲೇ ಒಳಗೆ ಹೋಗಿರೋ ಮರಿಗೆ ಏನು ಮಾಡಲಿ?

ಕೃಷಿ ವಿದ್ಯಾರ್ಥಿ: ಅಣ್ಣಾ, ಕಾಳನ್ನು ಬಿಸಿಲಿಗೆ ತೆಳ್ಳಗೆ ಹರಡಿ ಗರಿಗರಿ ಒಣಗಿಸಿ, ಜರಡಿ ಹಿಡಿಯಿರಿ. ಪೂರ್ತಿ ಆರಿದ ಮೇಲೆ ಗಾಳಿಯಾಡದ ದಪ್ಪ ಪ್ಲಾಸ್ಟಿಕ್ ಚೀಲಕ್ಕೆ ತುಂಬಿ ಬಾಯಿ ಬಿಗಿಯಾಗಿ ಕಟ್ಟಿ. ಉಳಿದ ಹುಳ ಒಳಗಿನ ಆಮ್ಲಜನಕ ತೀರಿಸಿಕೊಂಡು ತಾವೇ ಸಾಯ್ತವೆ. ಮಧ್ಯೆ ಮಧ್ಯೆ ಬಿಚ್ಚಿ ನೋಡಬೇಡಿ. ಗುಳಿಗೆಯಂತೂ ಬೇಡವೇ ಬೇಡ. ಅದರಿಂದ ಬರೋ ಫಾಸ್ಫೀನ್ ಅನ್ನೋ ವಿಷಗಾಳಿ ಮಲಗಿದ್ದವರನ್ನೇ ಕೊಲ್ಲಬಹುದು.

ಹಾವೇರಿ ಅಕ್ಕ: ಮನೆಖರ್ಚಿನ ಐದಾರು ಕಿಲೋಗೆ ನಾನು ನೀಲಗಿರಿ ಬಿಡೋಲ್ಲ. ಉಳಿದದ್ದಕ್ಕೆ ನೀನು ಹೇಳಿದಂತೆಯೇ ಆಗಲಿ ತಮ್ಮಾ.