‘ಲಾಂಚ್ ಸರ್ವಿಸ್’ಗೆ ‘ಉಡಾವಣಾ ಸೇವೆ’ ಸಾಕೇ?

ಗೆಳೆಯರೇ,

ಸಮುದ್ರದ ನಡುವಿನಿಂದ ರಾಕೆಟ್ ಹಾರಿಸುತ್ತಿದ್ದ ಸೀ ಲಾಂಚ್ ಕಂಪನಿಯ ಬಗ್ಗೆ ಒಂದು ಬರಹ ಸಿದ್ಧ ಮಾಡುತ್ತಿದ್ದೇನೆ. ‘ಲಾಂಚ್ ಸರ್ವಿಸ್’ಗೆ, ಅಂದರೆ ಬೇರೆಯವರ ಉಪಗ್ರಹವನ್ನು ದುಡ್ಡು ತಗೊಂಡು ಕಕ್ಷೆಗೆ ಕಳಿಸುವ ಕೆಲಸಕ್ಕೆ, ನಮ್ಮ ಪತ್ರಿಕೆಗಳು ‘ಉಡಾವಣಾ ಸೇವೆ’ ಅಂತ ಬರೆಯುತ್ತವೆ. ಪದ ತಪ್ಪೇನಲ್ಲ. ಆದರೆ ವಾಕ್ಯದಲ್ಲಿ ಇಟ್ಟು ನೋಡಿದರೆ ಯಾರು ಏನು ಮಾಡಿದರು ಅನ್ನೋದೇ ಕಲಸಿಹೋಗುತ್ತದೆ.

ಈ ಕಂಪನಿ ಶುರುವಾಗಿದ್ದು 1995ರಲ್ಲಿ. ಅಮೆರಿಕದ ಬೋಯಿಂಗ್‌ನದು ಶೇ 40 ಪಾಲು, ರಷ್ಯಾದ ಎನರ್ಜಿಯಾದ್ದು 25, ನಾರ್ವೆ ಮೂಲದ ಕ್ವಾರ್ನರ್‌ನದು 20, ಉಕ್ರೇನಿನ ಯುಜ್ನೋಯೆ ಮತ್ತು ಯುಜ್‌ಮಾಶ್ ಎರಡರದ್ದೂ ಸೇರಿ 15. ಇದಕ್ಕೆ ‘ಜಂಟಿ ಉದ್ಯಮ’ ಅನ್ನಲು ನನ್ನ ತಕರಾರಿಲ್ಲ, ಎಲ್ಲರಿಗೂ ಗೊತ್ತಿರುವ ಮಾತು. ಜೆನಿತ್ ರಾಕೆಟ್ಟಿನ ಕೆಳಗಿನ ಎರಡು ಹಂತ ಉಕ್ರೇನಿನಿಂದ, ಮೇಲಿನ ಹಂತ ರಷ್ಯಾದಿಂದ, ಉಪಗ್ರಹವನ್ನು ಮುಚ್ಚುವ ಮೂತಿ ಬೋಯಿಂಗ್‌ನಿಂದ, ಹಡಗು ನಾರ್ವೆಯವರಿಂದ. ಉಪಗ್ರಹ ಮಾತ್ರ ಗಿರಾಕಿಯದು. ಹೀಗಿರುವಾಗ ‘ಸೀ ಲಾಂಚ್ ಉಪಗ್ರಹ ಉಡಾವಣೆ ಮಾಡಿತು’ ಅಂದರೆ, ಯಾವುದೋ ದೇಶ ತನ್ನ ಉಪಗ್ರಹವನ್ನು ತನ್ನ ರಾಕೆಟ್ಟಿನಲ್ಲಿ ಕಳಿಸಿದ ಹಾಗೆ ಕೇಳುತ್ತದೆ, ಅಲ್ವಾ?

ನನಗೆ ತೋಚಿದ್ದು ‘ಹಾರಿಸಿಕೊಡು’. ನಾವು ತಂದ ರಾಗಿಯನ್ನು ಗಿರಣಿಯವನು ಬೀಸಿಕೊಡುತ್ತಾನೆ. ಕಾಳು ನಮ್ಮದು, ಕೆಲಸ ಅವನದು, ಕೂಲಿ ಕೊಟ್ಟು ಬರುತ್ತೇವೆ. ಅಷ್ಟೂ ಆ ‘ಕೊಡು’ ಒಂದರಲ್ಲೇ ಅಡಗಿದೆ. ‘1999ರ ಅಕ್ಟೋಬರಿನಲ್ಲಿ ಅಮೆರಿಕದ ಟಿವಿ ಕಂಪನಿ ಡೈರೆಕ್‌ಟಿವಿಯ ಉಪಗ್ರಹವನ್ನು ಸೀ ಲಾಂಚ್ ಹಾರಿಸಿಕೊಟ್ಟಿತು’ ಅಂದರೆ ವ್ಯಾಪಾರ ತಾನಾಗಿಯೇ ಅರ್ಥವಾಗುತ್ತದೆ. ಅದು ಅವರ ಮೊದಲ ವಾಣಿಜ್ಯ ಹಾರಾಟ. ನಮ್ಮಲ್ಲೂ ಉದಾಹರಣೆ ಇದೆ. 2022ರ ಅಕ್ಟೋಬರಿನಲ್ಲಿ ಬ್ರಿಟನ್ನಿನ ಇಂಟರ್ನೆಟ್ ಕಂಪನಿ ಒನ್‌ವೆಬ್‌ನ 36 ಉಪಗ್ರಹಗಳು ಇಸ್ರೋ ರಾಕೆಟ್ಟಿನಲ್ಲಿ ಹೋದವು. ಗುತ್ತಿಗೆ ಇಸ್ರೋದ ವ್ಯಾಪಾರ ನೋಡಿಕೊಳ್ಳುವ ಸರ್ಕಾರಿ ಕಂಪನಿ, ಬೆಂಗಳೂರಿನ ನ್ಯೂಸ್ಪೇಸ್ ಇಂಡಿಯಾದ್ದು. ‘ಭಾರತ 36 ಉಪಗ್ರಹ ಹಾರಿಸಿತು’ ಅನ್ನೋದಕ್ಕಿಂತ ‘ಹಾರಿಸಿಕೊಟ್ಟಿತು’ ಹೆಚ್ಚು ನಿಜ.

‘ಉಡಾಯಿಸು’ ಬೇಡವೇ ಅಂತ ಯಾರಾದರೂ ಕೇಳಬಹುದು. ಆಡುಮಾತಿನಲ್ಲಿ ಅಪ್ಪನ ದುಡ್ಡನ್ನೂ ಉಡಾಯಿಸುತ್ತಾರೆ! 2009ರಲ್ಲಿ ದಿವಾಳಿ ಅರ್ಜಿ ಹಾಕಿದ ಕಂಪನಿಯ ವಿಷಯದಲ್ಲಿ ಆ ಪದ ಸುಮ್ನೆ ನಗು ತರಿಸುತ್ತದೆ.

‘ಸೀ ಲಾಂಚ್’ ಅನ್ನೋ ಹೆಸರನ್ನು ಹಾಗೇ ಇಡುತ್ತೇನೆ, ಆದರೆ ಮೊದಲ ಸಲ ಬಂದಾಗ ಒಂದು ವಿವರಣೆ ಬೇಕೇ ಬೇಕು. ಸಿಗಂದೂರಿಗೆ ಶರಾವತಿ ಹಿನ್ನೀರು ದಾಟಿ ಹೋದವರಿಗೆ ಲಾಂಚ್ ಅಂದರೆ ಜನ, ಜೀಪು, ಬಸ್ಸು ಎಲ್ಲವನ್ನೂ ಹೊತ್ತು ದಾಟಿಸುವ ದೋಣಿ. ತಮಾಷೆ ಅಂದರೆ ಅವರ ಊಹೆ ಪೂರ್ತಿ ತಪ್ಪೂ ಅಲ್ಲ. ಇಲ್ಲೂ ರಾಕೆಟ್ಟು ಕ್ಯಾಲಿಫೋರ್ನಿಯಾದ ಲಾಂಗ್ ಬೀಚ್‌ನಿಂದ ಭೂಮಧ್ಯರೇಖೆಯ ಕಡೆಗೆ ಸಮುದ್ರದ ಮೇಲೇ ತೇಲಿಕೊಂಡು ಹೊರಡುತ್ತಿತ್ತು. ಭೂಮಧ್ಯರೇಖೆಯ ಹತ್ತಿರ ಭೂಮಿಯ ತಿರುಗುವ ವೇಗ ಅತಿ ಜಾಸ್ತಿ. ಆ ತಳ್ಳು ರಾಕೆಟ್ಟಿಗೆ ಪುಕ್ಕಟೆ ಸಿಗುತ್ತದೆ. ಜೊತೆಗೆ ಭೂಸ್ಥಿರ ಕಕ್ಷೆಗೆ, ಅಂದರೆ ಭೂಮಧ್ಯರೇಖೆಯ ನೇರ ಮೇಲಿರುವ ಕಕ್ಷೆಗೆ, ಹೋಗುವ ಉಪಗ್ರಹ ತನ್ನ ದಾರಿಯ ಓರೆ ತಿದ್ದಿಕೊಳ್ಳಲು ಇಂಧನ ಸುಡಬೇಕಿಲ್ಲ. ಅಷ್ಟಕ್ಕೇ ಪೆಸಿಫಿಕ್ ನಡುವಿನವರೆಗೆ ಆ ಪಯಣ.

ಇನ್ನೊಂದು ಪದ, ‘ಲಾಂಚ್ ಪ್ಲಾಟ್‌ಫಾರ್ಮ್’. ರಾಕೆಟ್ಟನ್ನು ನಿಲ್ಲಿಸಿ ಹಾರಿಸುತ್ತಿದ್ದ ಅವರ ‘ಒಡಿಸ್ಸಿ’ ಮೊದಲು ಎಣ್ಣೆಬಾವಿ ಕೊರೆಯುವ ರಿಗ್ ಆಗಿತ್ತು. ‘ಉಡಾವಣಾ ವೇದಿಕೆ’ ಅಂದರೆ ನನಗೆ ಹಾರ, ತುರಾಯಿ, ಭಾಷಣ ನೆನಪಾಗುತ್ತದೆ. ‘ಕಟ್ಟೆ’ ನೆಲಕ್ಕೆ ಅಂಟಿಕೊಂಡದ್ದು. ಕಾಲುಗಳ ಮೇಲೆ ಎತ್ತರಕ್ಕೆ ನಿಂತದ್ದಕ್ಕೆ ‘ಅಟ್ಟಣೆ’ ಇದೆಯಲ್ಲ, ‘ತೇಲುವ ಅಟ್ಟಣೆ’ ಅನ್ನಬಹುದೇ? 2007ರ ಜನವರಿಯಲ್ಲಿ ಎನ್‌ಎಸ್‌ಎಸ್-8 ಉಪಗ್ರಹ ಹೊತ್ತ ರಾಕೆಟ್ಟು ಇದರ ಮೇಲೇ ಸಿಡಿಯಿತು. ಹಾರಿಸುವ ಹೊತ್ತಿಗೆ ಎಲ್ಲರೂ ದೂರ ನಿಲ್ಲುವ ಹಡಗಿಗೆ ಹೋಗಿರುವುದು ಅಲ್ಲಿನ ಪದ್ಧತಿಯಾಗಿತ್ತು, ಹಾಗಾಗಿ ಯಾರಿಗೂ ಏಟಾಗಲಿಲ್ಲ. ‘ಅಟ್ಟಣೆ ಮೇಲೆ ಯಾರೂ ಇರಲಿಲ್ಲ’ ಅಂತ ಬರೆದು ನೋಡಿದೆ, ಸಲೀಸಾಗಿ ಕೂತಿತು.

ಈಗ ನನ್ನ ತೊಡಕು. ‘ಹಾರಿಸಿಕೊಡು’ ಕ್ರಿಯಾಪದವಾಗಿ ಚೆನ್ನಾಗಿದೆ, ತಲೆಬರಹಕ್ಕೆ ನಾಮಪದ ಬೇಕು. ‘ಹಾರಿಸಿಕೊಡುವಿಕೆ’ ಬಾಯಿಗೆ ಬರುವುದಿಲ್ಲ. ‘ಹಾರಿಸಿಕೊಡುವ ವ್ಯಾಪಾರ’ ಉದ್ದ. ‘ಬಾಡಿಗೆ ಉಡಾವಣೆ’ ಅಂದರೆ ರಾಕೆಟ್ಟು ವಾಪಸು ಕೊಡಬೇಕೇನೋ ಅನ್ನಿಸುತ್ತದೆ. ನಿಮ್ಮ ಕಡೆ, ಗಿರಾಕಿಯ ವಸ್ತುವಿಗೆ ಕೂಲಿ ಪಡೆದು ಕೆಲಸ ಮಾಡಿಕೊಡುವುದಕ್ಕೆ ಒಂದೇ ಪದ ಇದ್ದರೆ ತಿಳಿಸಿ. ನೇಕಾರರು, ಅಕ್ಕಸಾಲಿಗರು, ಮರಗೆಲಸದವರು ಆಡುವ ಮಾತಾದರೂ ಸರಿ.