ಅಪ್‌ಡೇಟ್: ಕುದುರೆಯ ಗೊರಸಿನ ವಾಸನೆ

ಯಲಹಂಕದಲ್ಲಿರುವ ನಮ್ಮ ಕುದುರೆಯ ಹಿಂಗಾಲಿನ ಗೊರಸು ಯಾಕೆ ನಾರುತ್ತಿದೆ ಅಂತ ಕೇಳಿದ್ದೆ ಅಲ್ವಾ, ಡಾಕ್ಟರ್ ಬಂದು ನೋಡಿದರು. ಥ್ರಷ್ ಅಂತೆ, ಅಂದರೆ ಗೊರಸಿನ ಅಡಿಭಾಗ ಕೊಳೆಯುವ ಸೋಂಕು. ಗೊರಸಿನ ಅಡಿಯಲ್ಲಿ ವಿ ಆಕಾರದ ಮೆತ್ತನೆ ಭಾಗ ಇರುತ್ತದಲ್ಲ, ಫ್ರಾಗ್ ಅನ್ನುತ್ತಾರೆ, ಅದರ ಪಕ್ಕದ ಸಂದಿಯಲ್ಲಿ ಕಪ್ಪನೆ ಲೋಳೆ ಕೂತಿತ್ತು. ಈ ಮಳೆಗೆ ಲಾಯದ ನೆಲ ಒಣಗುವುದೇ ಇಲ್ಲ, ಅದೇ ಕಾರಣ. ಈಗ ದಿನಾ ಗೊರಸು ಕೆರೆದು, ಔಷಧಿ ಹಚ್ಚಿ, ಒಣ ಮರದ ಹೊಟ್ಟು ಹಾಸುತ್ತಿದ್ದೇವೆ. ವಾಸನೆ ಹೋಗಿದೆ, ಫ್ರಾಗ್ ಒತ್ತಿದರೆ ರಬ್ಬರಿನ ಹಾಗೆ ಗಟ್ಟಿ. ತುಂಬಾ ಸಮಾಧಾನ ಆಯಿತು! ಮೈಬಿಸಿ 38 ಡಿಗ್ರಿ ಸೆಲ್ಸಿಯಸ್, ಸುಮ್ನೆ ನಿಂತಾಗ ನಾಡಿ ನಿಮಿಷಕ್ಕೆ 36, ಎರಡೂ ಸರಿಯಾಗಿವೆ. ಆದರೆ ಗೊರಸು ಬಿಸಿಯಾಗಿದ್ದು ಕಾಲಿನ ನಾಡಿ ಜೋರಾಗಿ ಬಡಿಯುತ್ತಿದ್ದರೆ ಕಾಯಬೇಡಿ, ತಕ್ಷಣ ಡಾಕ್ಟರನ್ನು ಕರೆಸಿ.