ಅಪ್‌ಡೇಟ್: ಐರೋಪ್ಯ ಗ್ರಾಹಕರಿಗೆ ಮಾರಿದ ಡಿಜಿಟಲ್ ಫೈಲ್‌ಗಳಿಗೆ ವ್ಯಾಟ್

ಐರೋಪ್ಯ ಒಕ್ಕೂಟದ ಹೊರಗೆ ಕುಳಿತು ಅಲ್ಲಿನ ಗ್ರಾಹಕರಿಗೆ ವಿನ್ಯಾಸದ ಫೈಲ್‌ಗಳನ್ನು ಮಾರಿದರೆ ವ್ಯಾಟ್ (ಮೌಲ್ಯವರ್ಧಿತ ತೆರಿಗೆ) ಕಟ್ಟಬೇಕೇ ಎಂದು ಕೇಳಿದ್ದೆ. ಕಟ್ಟಲೇಬೇಕು, ಅದೂ ಮೊದಲ ಮಾರಾಟದಿಂದಲೇ. ವರ್ಷಕ್ಕೆ 10,000 ಯೂರೋವರೆಗಿನ ಮಾರಾಟಕ್ಕೆ ಕೊಳ್ಳುವವರ ದೇಶದ ವ್ಯಾಟ್ ಬೇಡ ಎಂದು ಕೆಲವರು ಹೇಳಿದ್ದರು; ಆ ಮಿತಿ ಒಕ್ಕೂಟದೊಳಗೆ ನೆಲೆಯಿರುವ ಸಣ್ಣ ಮಾರಾಟಗಾರರಿಗೆ ಮಾತ್ರ. ಹೊರಗಿನವರಿಗೆ ಆ ರಿಯಾಯಿತಿ ಇಲ್ಲ. ದರ ಕೊಳ್ಳುವವರ ದೇಶದ್ದು: ಲಕ್ಸೆಂಬರ್ಗ್‌ನಲ್ಲಿ ಶೇ 17, ಹಂಗೇರಿಯಲ್ಲಿ ಶೇ 27. ಪುಣ್ಯಕ್ಕೆ 27 ದೇಶಗಳಲ್ಲೂ ನೋಂದಣಿ ಬೇಕಿಲ್ಲ. ‘ಒನ್ ಸ್ಟಾಪ್ ಶಾಪ್’ ವ್ಯವಸ್ಥೆಯಡಿ ಒಂದು ದೇಶದಲ್ಲಿ ನೋಂದಾಯಿಸಿಕೊಂಡು ಮೂರು ತಿಂಗಳಿಗೊಮ್ಮೆ ಲೆಕ್ಕ ಸಲ್ಲಿಸಿದರೆ ಸಾಕು. ದಾಖಲೆಗಳನ್ನು ಮಾತ್ರ 10 ವರ್ಷ ಕಾಪಾಡಬೇಕು (ಇದು ಅತಿಯಾಯಿತು ಎಂದೇ ನನ್ನ ಅನಿಸಿಕೆ). ಆ್ಯಪ್ ಸ್ಟೋರ್ ಮೂಲಕ ಮಾರಿದ್ದಕ್ಕೆ ಸಾಮಾನ್ಯವಾಗಿ ಸ್ಟೋರ್‌ನವರೇ ತೆರಿಗೆ ಕಟ್ಟುತ್ತಾರೆ. ಹಾಗಾಗಿ ಸ್ವಂತ ಜಾಲತಾಣದ ಮಾರಾಟಕ್ಕಷ್ಟೇ ಐರ್ಲೆಂಡ್‌ನಲ್ಲಿ ನೋಂದಣಿಗೆ ಅರ್ಜಿ ಹಾಕಿದ್ದೇನೆ. ಉತ್ತರಿಸಿದ ಎಲ್ಲರಿಗೂ ಧನ್ಯವಾದ.